ಎಲೆಯ ಉಂಗುರ, ಮಾತ್ರೆಯ ಉಂಗುರ

ಬೇವಿನ ಸೊಪ್ಪು ಚಿತ್ರದುರ್ಗದ ಜೋಗಿಮಟ್ಟಿ ಕಡೆಯದು. ದಾವಣಗೆರೆಯ ಹಾಸ್ಟೆಲ್ ರೂಮಿನಲ್ಲಿ, ಮಂಚದ ಕೆಳಗೆ, ಹಳೇ ಪೇಪರ್ ಮೇಲೆ ಹತ್ತು ದಿನ ಒಣಗಿತ್ತು. ಆಮೇಲೆ ಮಿಕ್ಸಿಯಲ್ಲಿ ಪುಡಿಯಾಯಿತು. ಎಥನಾಲ್‌ನಲ್ಲಿ ಎರಡು ದಿನ ನೆನೆಯಿತು. ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಎಥನಾಲ್ ಆರಲು ಬಿಟ್ಟರೆ ತಳದಲ್ಲಿ ಉಳಿದದ್ದು ಕಡು ಹಸಿರಿನ ಅಂಟು ಮುದ್ದೆ. ಬೆರಳಿಗೆ ಹತ್ತಿದರೆ ಎರಡು ಸಲ ಸೋಪು ಹಾಕಿದರೂ ಕಹಿ ಬಿಡುವುದಿಲ್ಲ. ಮಧ್ಯಾಹ್ನದ ಊಟದಲ್ಲಿ ಗೊತ್ತಾಗುತ್ತದೆ.

ಆ ಮುದ್ದೆಯನ್ನು ಕರಗಿಸಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಕುಳಿಗೆ ತುಂಬಿ ರಾತ್ರಿಯಿಡೀ ಇಟ್ಟದ್ದಾಯಿತು. ಮರುದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದ ವಿದ್ಯಾರ್ಥಿನಿಯ ಮುಖ ನೋಡಬೇಕಿತ್ತು. ತಟ್ಟೆಯ ತುಂಬಾ ಇ. ಕೋಲೈ ಬ್ಯಾಕ್ಟೀರಿಯಾ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಸುಕಾಗಿ ಹರಡಿತ್ತು. ಬೇವಿನ ಕುಳಿಯ ಸುತ್ತ ಮಾತ್ರ ಉಂಗುರದಂಥ ದುಂಡನೆಯ ಖಾಲಿ ಜಾಗ. ಸ್ಕೇಲ್ ಇಟ್ಟು ಅಳೆದಳು. 18 ಮಿಲಿಮೀಟರ್. ಪಕ್ಕದಲ್ಲಿದ್ದ ಆಂಪಿಸಿಲಿನ್ ಬಿಲ್ಲೆಯ ಸುತ್ತ 16.

"ಸರ್, ನಮ್ಮ ಬೇವು ಆಂಟಿಬಯಾಟಿಕ್ಕನ್ನೇ ಸೋಲಿಸಿಬಿಟ್ಟಿತು!"

ಈ ಮಾತನ್ನು ನಾನು ವರ್ಷಕ್ಕೊಂದು ಸಲವಾದರೂ ಕೇಳುತ್ತೇನೆ. ಡಿಗ್ರಿ ಮಕ್ಕಳಿಗೆ ಮೈಕ್ರೋಬಯಾಲಜಿ ಲ್ಯಾಬ್ ಮಾಡಿಸುವುದು ನನ್ನ ಕೆಲಸ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಪ್ರಾಜೆಕ್ಟ್ ಮಕ್ಕಳು ಮುಟ್ಟದ ಸೊಪ್ಪೂ ಇಲ್ಲ. ಬೇವು, ತುಳಸಿ, ಸೀಬೆ ಎಲೆ, ವೀಳ್ಯದೆಲೆ, ಲಕ್ಕಿ, ಆಡುಸೋಗೆ, ಬಂದರೆ ಸೊಪ್ಪು, ತಂಗಡಿ, ದೊಡ್ಡಪತ್ರೆ, ಎಕ್ಕ. ಖರ್ಚು ಕಡಿಮೆ, ಗಿಡ ಮನೆ ಹಿತ್ತಲಲ್ಲೇ ಸಿಗುತ್ತದೆ, ಮೂರು ತಿಂಗಳಲ್ಲಿ ಮುಗಿಯುತ್ತದೆ, ಉಂಗುರವೂ ಬಹುತೇಕ ಬಂದೇ ಬರುತ್ತದೆ. ನಮ್ಮಲ್ಲಿ ಮಾತ್ರ ಅಲ್ಲ, ದೇಶದ ಎಷ್ಟೋ ಕಾಲೇಜುಗಳಲ್ಲಿ ಇದೇ ಪ್ರಯೋಗ ನಡೆಯುತ್ತದೆ. ಅದರಲ್ಲಿ ಕೆಲವು ಸಣ್ಣ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಅಲ್ಲಿಂದ ಒಂದು ಸಾಲು ವಾಟ್ಸಾಪ್‌ಗೆ ಬರುತ್ತದೆ: ಆಂಟಿಬಯಾಟಿಕ್‌ಗಿಂತ ಪರಿಣಾಮಕಾರಿ, ಸೈಡ್ ಎಫೆಕ್ಟ್ ಇಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ.

ಉಂಗುರ ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇವಿನ ಸಾರ ಆ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆದದ್ದು ನಿಜ. ಸೋಲು ಗೆಲುವಿನ ಮಾತು ಮಾತ್ರ ತಪ್ಪು. ಯಾಕೆ ಅಂತ ತಿಳಿಯಬೇಕಾದರೆ ತಟ್ಟೆಯ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ತಟ್ಟೆಯಲ್ಲಿ ಇರುವುದು ಮುಲ್ಲರ್ ಹಿಂಟನ್ ಅಗಾರ್. ನೋಡಲು ತೆಳು ಹಳದಿ ಜೆಲ್ಲಿ, 4 ಮಿಲಿಮೀಟರ್ ದಪ್ಪ. ಅದರ ಮೇಲೆ ಹತ್ತಿಯ ಕಡ್ಡಿಯಿಂದ ಬ್ಯಾಕ್ಟೀರಿಯಾ ಬಳಿಯುತ್ತೇವೆ. ಔಷಧ ಹೀರಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನು ಮೇಲಿಡುತ್ತೇವೆ. ಔಷಧ ಬಿಲ್ಲೆಯಿಂದ ಜೆಲ್ಲಿಗೆ ಇಳಿದು, ನೀರಿಗೆ ಬಿದ್ದ ಇಂಕಿನ ಹಾಗೆ ಸುತ್ತಲೂ ಹರಡುತ್ತದೆ. ದೂರ ಹೋದಷ್ಟೂ ತೆಳುವಾಗುತ್ತದೆ. ಅತ್ತ ಬ್ಯಾಕ್ಟೀರಿಯಾ ಬೆಳೆಯುತ್ತಾ ಇರುತ್ತದೆ. ಔಷಧ ಎಲ್ಲಿಯವರೆಗೆ ಸಾಕಷ್ಟು ಗಟ್ಟಿಯಾಗಿದೆಯೋ ಅಲ್ಲಿಯವರೆಗೆ ಖಾಲಿ ಜಾಗ. ಅದೇ ಉಂಗುರ. ಸಂಶೋಧಕರಾದ ಬಾವರ್, ಕಿರ್ಬಿ ಮತ್ತು ಅವರ ಜೊತೆಗಾರರು 1966ರಲ್ಲಿ ಈ ವಿಧಾನಕ್ಕೆ ಒಂದು ಕಟ್ಟುನಿಟ್ಟಾದ ಅಳತೆ ಕೊಟ್ಟರು. ಇವತ್ತಿಗೂ ಜಿಲ್ಲಾಸ್ಪತ್ರೆಯಿಂದ ಮೆಡಿಕಲ್ ಕಾಲೇಜಿನವರೆಗೆ ಎಲ್ಲ ಕಡೆ ಬಳಕೆಯಲ್ಲಿದೆ. ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಯಾವ ಔಷಧ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ಬರೆದಿರುತ್ತಾರಲ್ಲ, ಅದು ಎಷ್ಟೋ ಕಡೆ ಈ ಉಂಗುರ ನೋಡಿಯೇ ಬರೆದದ್ದು.

ಈಗ ನಮ್ಮ ಹುಡುಗಿಯ ತಟ್ಟೆಗೆ ವಾಪಸ್ ಬರೋಣ. ಆಂಪಿಸಿಲಿನ್ ಬಿಲ್ಲೆಯಲ್ಲಿ ಇದ್ದ ಔಷಧ 10 ಮೈಕ್ರೊಗ್ರಾಂ. ಇ. ಕೋಲೈ ಪರೀಕ್ಷೆಗೆ ಇದು ಎಲ್ಲ ಕಡೆ ಒಂದೇ. ಬೇವಿಗೆ ಬಿಲ್ಲೆ ಇಲ್ಲ. ಅಗಾರ್‌ನಲ್ಲಿ ಕುಳಿ ಕೊರೆದು ಸಾರ ತುಂಬಿದ್ದಳು. ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ ಕರಗಿಸಿದ ಸಾರ, ಕುಳಿಗೆ 100 ಮೈಕ್ರೊಲೀಟರ್. ಲೆಕ್ಕ ಹಾಕು ಅಂದೆ. ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕಿದಳು. 10 ಮಿಲಿಗ್ರಾಂ. ಅಂದರೆ 10,000 ಮೈಕ್ರೊಗ್ರಾಂ. ಆಮೇಲೆ ಪೆನ್ನು ನಿಂತಿತು.

ಒಂದು ಕಡೆ ಹತ್ತು, ಇನ್ನೊಂದು ಕಡೆ ಹತ್ತು ಸಾವಿರ. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಖಾಡಕ್ಕೆ ಒಬ್ಬ ಪೈಲ್ವಾನನ ಎದುರು ಸಾವಿರ ಜನ ಒಟ್ಟಿಗೆ ಇಳಿದು, ಎರಡು ಹೆಜ್ಜೆ ಜಾಸ್ತಿ ದಬ್ಬಿದರೆ ಅದನ್ನು ಗೆಲುವು ಅನ್ನೋಕಾಗುತ್ತಾ?

ಬೇವಿನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲ. ಆ 10,000 ಮೈಕ್ರೊಗ್ರಾಂನಲ್ಲಿ ಎಲ್ಲವೂ ಮದ್ದಲ್ಲ. ಹಸಿರು ಬಣ್ಣ, ಮೇಣ, ಸಕ್ಕರೆ, ಒಗರು ಕೊಡುವ ಟ್ಯಾನಿನ್, ಇನ್ನೂ ಏನೇನೋ ಇವೆ. ಕೆಲಸ ಮಾಡುವ ಅಂಶ ನೂರರಲ್ಲಿ ಒಂದು ಪಾಲು ಅಂತಿಟ್ಟುಕೊಂಡರೆ ಅದು 100 ಮೈಕ್ರೊಗ್ರಾಂ ಆಯಿತು. ಆಗಲೂ ಆಂಪಿಸಿಲಿನ್‌ನ ಹತ್ತು ಪಟ್ಟು. ಆದರೆ ಆ ಒಂದು ಪಾಲು ಯಾವುದು ಅಂತ ಹುಡುಕಿ ತೆಗೆಯುವುದೇ ನಿಜವಾದ ಕೆಲಸ. ಹೆಚ್ಚಿನ ಪ್ರಾಜೆಕ್ಟ್‌ಗಳು ಅದರ ಬಾಗಿಲಿಗೆ ಬಂದು ನಿಂತುಬಿಡುತ್ತವೆ.

ಪ್ರಮಾಣ ಸರಿಮಾಡಿದರೆ ಹೋಲಿಕೆ ಸರಿಹೋಗುತ್ತದಾ? ಅದೂ ಇಲ್ಲ. ವ್ಯಾಂಕೊಮೈಸಿನ್ ಅಂತ ಒಂದು ಔಷಧ ಇದೆ. ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ (ಸ್ಟ್ಯಾಫ್) ಬ್ಯಾಕ್ಟೀರಿಯಾಕ್ಕೆ ಡಾಕ್ಟರರು ನೆಚ್ಚಿಕೊಳ್ಳುವ ಮದ್ದು. 30 ಮೈಕ್ರೊಗ್ರಾಂ ಬಿಲ್ಲೆ ಇಟ್ಟರೂ ಪರೀಕ್ಷೆಯ ಮಾಮೂಲಿ ಸ್ಟ್ಯಾಫ್ ತಳಿಯ ಮೇಲೆ ಅದರ ಉಂಗುರ 17ರಿಂದ 21 ಮಿಲಿಮೀಟರ್ ಅಷ್ಟೇ. ಅದೇ ತಳಿಯ ಮೇಲೆ ಬರೀ 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಾಸಿನ್ 22ರಿಂದ 30ರವರೆಗೆ ಉಂಗುರ ಬಿಡುತ್ತದೆ. ಹಾಗಂತ ವ್ಯಾಂಕೊಮೈಸಿನ್ ದಂಡ ಅಂತ ಯಾರೂ ಹೇಳುವುದಿಲ್ಲ. ಅದರ ಅಣು ದೊಡ್ಡದು, ಸಿಪ್ರೊ ಅಣುವಿನ ನಾಲ್ಕು ಪಟ್ಟಿಗೂ ಮೀರಿದ ತೂಕ. ಜೆಲ್ಲಿಯಲ್ಲಿ ನಿಧಾನವಾಗಿ ತೆವಳುತ್ತದೆ. ಉಂಗುರದ ಅಗಲದಲ್ಲಿ ಶಕ್ತಿಯ ಜೊತೆ ಓಟವೂ ಸೇರಿಕೊಂಡಿರುತ್ತದೆ. ಅದಕ್ಕೇ ಆಸ್ಪತ್ರೆಯ ಲ್ಯಾಬಿನಲ್ಲಿ ಒಂದೊಂದು ಔಷಧಕ್ಕೂ ಬೇರೆ ಬೇರೆ ಪಟ್ಟಿ ಇದೆ. ಒಂದಕ್ಕೆ 17 ಬಂದರೆ ಪಾಸು, ಇನ್ನೊಂದಕ್ಕೆ 26 ಬರಬೇಕು. ಔಷಧ ಔಷಧದ ನಡುವೆಯೇ ಮಿಲಿಮೀಟರ್ ಹೋಲಿಸುವಂತಿಲ್ಲ. ಬೇವಿಗೆ ಎಷ್ಟು ಬಂದರೆ ಪಾಸು? ಆ ಪಟ್ಟಿಯೇ ಇಲ್ಲ.

ಈ ಎಡವಟ್ಟು ಎರಡೂ ಕಡೆ ಕಡಿಯುತ್ತದೆ. ಎಲೆಯ ಟ್ಯಾನಿನ್‌ಗಳು ದೊಡ್ಡ ಅಣುಗಳು. ಎಣ್ಣೆಯಂಥ ಅಂಶಗಳು ನೀರಿನ ಜೆಲ್ಲಿಯಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಹಾಗಾಗಿ ನಿಜವಾಗಿ ಒಳ್ಳೇ ಸತ್ವ ಇರುವ ಎಲೆ ತಟ್ಟೆಯಲ್ಲಿ ಫೇಲ್ ಆಗಿ ಕಸದ ಬುಟ್ಟಿ ಸೇರಿರಬಹುದು. ಗೆದ್ದವರ ಸುದ್ದಿ ಬರುತ್ತದೆ, ಬಿದ್ದವರದ್ದು ಬರುವುದಿಲ್ಲ.

ಇನ್ನೊಂದು ವಿಷಯ ದ್ರಾವಕದ್ದು. ಇದು ನನಗೆ ತುಂಬಾ ಕಾಡುವ ವಿಷಯ. ಲ್ಯಾಬಿನಲ್ಲಿ ಸಾರ ತೆಗೆಯುವುದು ಎಥನಾಲ್, ಮೆಥನಾಲ್, ಅಸಿಟೋನ್, ಕ್ಲೋರೋಫಾರ್ಮ್‌ಗಳಲ್ಲಿ. ಎಥನಾಲ್ ಏನು ಮಾಡುತ್ತದೆ ಅಂತ 2020ರಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡ ಎಲ್ಲರಿಗೂ ಗೊತ್ತು. ಅದು ಪೂರ್ತಿ ಆರದೆ ಸಾರದಲ್ಲಿ ಉಳಿದರೆ ಉಂಗುರ ಬೇವಿನದೋ ಸ್ಯಾನಿಟೈಸರಿನದೋ? ಅದಕ್ಕೇ ಅದೇ ತಟ್ಟೆಯಲ್ಲಿ ಸೊಪ್ಪಿಲ್ಲದ ಬರೀ ದ್ರಾವಕದ ಒಂದು ಕುಳಿ ಇರಲೇಬೇಕು. ಎಷ್ಟೋ ವರದಿಗಳಲ್ಲಿ ಆ ಕುಳಿ ಫೋಟೋದಲ್ಲಿ ಕಾಣುವುದೇ ಇಲ್ಲ.

ಅದನ್ನು ಸರಿಯಾಗಿ ಮಾಡಿದರೂ ಮನೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಮನೆಯಲ್ಲಿ ನಾವು ಕಷಾಯ ಮಾಡುವುದು ನೀರಿನಲ್ಲಿ. ಮೆಥನಾಲ್ ವಿಷ, ಕಳ್ಳಭಟ್ಟಿ ದುರಂತಗಳಲ್ಲಿ ಜನ ಕಣ್ಣು ಕಳೆದುಕೊಳ್ಳುವುದು, ಸಾಯುವುದು ಅದರಿಂದಲೇ. ಮೆಥನಾಲ್‌ಗೆ ಇಳಿಯುವ ಅಂಶ ಬೇರೆ, ಬಿಸಿನೀರಿಗೆ ಇಳಿಯುವ ಅಂಶ ಬೇರೆ. ಒಂದೇ ಸೊಪ್ಪಿನ ನೀರಿನ ಸಾರಕ್ಕೆ ಉಂಗುರವೇ ಬಾರದೆ, ಮೆಥನಾಲ್ ಸಾರಕ್ಕೆ ಚೆನ್ನಾಗಿ ಬರುವುದು ಲ್ಯಾಬಿನಲ್ಲಿ ದಿನನಿತ್ಯದ ಮಾತು. ಸುದ್ದಿ ಓದಿದವರು ಮಾತ್ರ ಒಲೆಯ ಮೇಲೆ ನೀರಿಡುತ್ತಾರೆ.

ಎಲೆಯೂ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಯುಗಾದಿಯ ಕೆಂಪು ಚಿಗುರು ಬೇರೆ, ಆಷಾಢದ ಬಲಿತ ಎಲೆ ಬೇರೆ. ಚಳ್ಳಕೆರೆಯ ಒಣ ನೆಲದ ಬೇವು ಬೇರೆ, ಚನ್ನಗಿರಿಯ ನೀರಾವರಿ ತೋಟದ ಬದುವಿನ ಬೇವು ಬೇರೆ. ಮಾತ್ರೆಯಲ್ಲಿ 500 ಮಿಲಿಗ್ರಾಂ ಅಂತ ಬರೆದಿದ್ದರೆ 500 ಇರಬೇಕು ಅನ್ನುವುದು ಕಾನೂನು. ಒಂದು ಹಿಡಿ ಸೊಪ್ಪಿಗೆ ಅಂಥ ಅಳತೆ ಎಲ್ಲಿಯದು, ಹಿಡಿಯೂ ಕೈಯಿಂದ ಕೈಗೆ ಬೇರೆ ಅಲ್ವಾ?

ಮುಂದಿನ ವಾರ ಹುಡುಗಿಗೆ ಬೇರೆ ಪರೀಕ್ಷೆ ಮಾಡಿಸಿದೆ. ಒಂದರ ಪಕ್ಕ ಒಂದು ಎಂಟು ಟ್ಯೂಬ್. ಮೊದಲನೆಯದರಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಬೇವಿನ ಸಾರ, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಅದರ ಅರ್ಧ, ಹೀಗೆ ಇಳಿಸುತ್ತಾ ಹೋಗುವುದು. ಎಲ್ಲದಕ್ಕೂ ಅಷ್ಟೇ ಬ್ಯಾಕ್ಟೀರಿಯಾ. ಯಾವ ಟ್ಯೂಬಿನವರೆಗೆ ಬೆಳವಣಿಗೆ ನಿಂತಿದೆಯೋ ಅದೇ ತಡೆಯುವ ಕನಿಷ್ಠ ಪ್ರಮಾಣ. ಲ್ಯಾಬಿನವರು ಎಂಐಸಿ ಅನ್ನುತ್ತಾರೆ. ಇಲ್ಲಿ ಜೆಲ್ಲಿಯ ಓಟ ಇಲ್ಲ, ಸ್ಕೇಲ್ ಇಲ್ಲ. ಎಲೆಗೂ ಔಷಧಕ್ಕೂ ಒಂದೇ ತಕ್ಕಡಿ. ಒಂದೇ ತೊಂದರೆ ಅಂದರೆ ಬೇವಿನ ಸಾರವೇ ಹಸಿರಾಗಿ ಮಬ್ಬಾಗಿರುತ್ತದೆ, ಬ್ಯಾಕ್ಟೀರಿಯಾ ಬೆಳೆದು ಮಬ್ಬಾದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ರೆಸಾಜುರಿನ್ ಅನ್ನುವ ನೀಲಿ ಬಣ್ಣದ ನಾಲ್ಕು ಹನಿ ಹಾಕುತ್ತೇವೆ. ಜೀವಂತ ಬ್ಯಾಕ್ಟೀರಿಯಾ ಇದ್ದರೆ ನೀಲಿ ಹೋಗಿ ಗುಲಾಬಿ ಆಗುತ್ತದೆ.

ಎರಡು ಗಂಟೆ ಕಾದೆವು. ಮಧ್ಯದಲ್ಲಿ ಕರೆಂಟ್ ಹೋಗಿ ಬಂತು. ಎಂಟನೆಯ ಟ್ಯೂಬ್ ಮೊದಲು ಗುಲಾಬಿ ಆಯಿತು, ಆಮೇಲೆ ಏಳು, ಆರು, ಐದು. ನಾಲ್ಕನೆಯದು ಸ್ವಲ್ಪ ಹೊತ್ತು ನೇರಳೆಯಾಗಿ ಅನುಮಾನದಲ್ಲಿತ್ತು, ಕೊನೆಗೆ ಅದೂ ಗುಲಾಬಿ. ಮೂರನೆಯದು ನೀಲಿಯಾಗೇ ಉಳಿಯಿತು. ಮಿಲಿಲೀಟರಿಗೆ 2.5 ಮಿಲಿಗ್ರಾಂ, ಅಂದರೆ 2,500 ಮೈಕ್ರೊಗ್ರಾಂ. ಪರೀಕ್ಷೆಗೆ ಬಳಸುವ ಈ ಮಾಮೂಲಿ ಇ. ಕೋಲೈ ತಳಿಯನ್ನು ಆಂಪಿಸಿಲಿನ್ 2ರಿಂದ 8 ಮೈಕ್ರೊಗ್ರಾಂನಲ್ಲೇ ತಡೆಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅಂತೂ 0.015 ಮೈಕ್ರೊಗ್ರಾಂ ಒಳಗೇ ಮುಗಿಸುತ್ತದೆ. ತಟ್ಟೆಯಲ್ಲಿ ಎರಡು ಮಿಲಿಮೀಟರ್ ಮುಂದಿದ್ದ ಬೇವು ಟ್ಯೂಬಿನಲ್ಲಿ ಆಂಪಿಸಿಲಿನ್‌ಗಿಂತ ನೂರಾರು ಪಟ್ಟು ಹಿಂದೆ ಬಿತ್ತು. ಹೀಗೆ ಹಿಂದೆ ಬೀಳುವುದು ಬೇವು ಒಂದೇ ಅಲ್ಲ. ಶುದ್ಧ ಮಾಡದ ಎಲೆಸಾರ 100 ಮೈಕ್ರೊಗ್ರಾಂ ಒಳಗೆ ತಡೆದರೆ ಈ ವಿಷಯದ ಜನ ತಲೆಯೆತ್ತಿ ನೋಡುತ್ತಾರೆ, ಅಂಥದ್ದು ಅಪರೂಪ.

ಹೋಗಲಿ, ಜಾಸ್ತಿ ಕುಡಿದರಾಯಿತು ಅನ್ನಬಹುದು. ಅದರ ಲೆಕ್ಕವನ್ನೂ ನಾವು ಹಾಕಿದೆವು. ದೊಡ್ಡವರ ಮೈಯಲ್ಲಿ ಸುಮಾರು 40 ಲೀಟರ್ ನೀರಿನಂಶ. ಅದರಲ್ಲೆಲ್ಲ ಬೇವಿನ ಸಾರ ಲೀಟರಿಗೆ 2.5 ಗ್ರಾಂ ಆಗಬೇಕಾದರೆ 100 ಗ್ರಾಂ ಸಾರ ಬೇಕು. ಒಣ ಸೊಪ್ಪಿನಿಂದ ನೂರಕ್ಕೆ ಹತ್ತರಂತೆ ಸಾರ ಸಿಕ್ಕಿತು ಅಂದುಕೊಂಡರೆ ಒಂದು ಕೆಜಿ ಒಣ ಸೊಪ್ಪು. ಹಸಿಯಾದರೆ ಸುಮಾರು ಮೂರು ಕೆಜಿ. ಅದೂ ಒಂದು ಹೊತ್ತಿಗೆ, ಹೊಟ್ಟೆಯಲ್ಲಿ ಒಂದಿಷ್ಟೂ ಪೋಲಾಗದೆ ಪೂರ್ತಿ ರಕ್ತಕ್ಕೆ ಸೇರಿದರೆ. ಎಲೆಯ ಎಷ್ಟೋ ಅಂಶಗಳು ಕರುಳು ದಾಟುವುದೇ ಇಲ್ಲ, ದಾಟಿದವನ್ನು ಲಿವರ್ ಬದಲಾಯಿಸಿಬಿಡುತ್ತದೆ. ಇತ್ತ 500 ಮಿಲಿಗ್ರಾಂ ಸಿಪ್ರೊ ಮಾತ್ರೆ ಒಂದು ನುಂಗಿದರೆ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಮಿಲಿಲೀಟರಿಗೆ 2.4 ಮೈಕ್ರೊಗ್ರಾಂ ಆಸುಪಾಸು ಸಿಗುತ್ತದೆ. ಬಗ್ಗುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು.

ಆ ಮೂರು ಕೆಜಿ ಸುಮ್ನೆ ತಮಾಷೆಗೆ ಹೇಳಿದ್ದಲ್ಲ. ಗಿಡದ್ದಾದರೆ ಏನೂ ಆಗುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚಿಕ್ಕ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಿ, ಫಿಟ್ಸ್ ಬಂದು, ಮೆದುಳು ಲಿವರ್ ಎರಡೂ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರ ಲಿವರ್‌ಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ಬರೆದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಚರ್ಚೆ ಇನ್ನೂ ಇದೆ. ಇನ್ನು ಲಂಟಾನ. ಜೋಗಿಮಟ್ಟಿ ಹತ್ತಿದವರಿಗೆಲ್ಲ ಆ ಮುಳ್ಳುಪೊದೆಯ ಪರಿಚಯ ಇರುತ್ತದೆ. ಲಂಟಾನ ಎಲೆಯ ಸಾರವೂ ತಟ್ಟೆಯಲ್ಲಿ ಉಂಗುರ ಕೊಡುತ್ತದೆ. ಅದೇ ಎಲೆ ತಿಂದ ಕುರಿ, ದನಗಳ ಲಿವರ್ ಹಾಳಾಗಿ, ಕಣ್ಣು ಹಳದಿಯಾಗಿ, ಬಿಸಿಲಿಗೆ ಚರ್ಮ ಸುಲಿದು ಸಾಯುತ್ತವೆ. ಚಳ್ಳಕೆರೆ ಕಡೆಯ ಕುರಿಗಾಹಿಗಳನ್ನು ಕೇಳಿದರೆ ಉಂಗುರದ ಮಾತೇ ಬೇಡ, ಗಿಡ ಕಂಡ ಕಡೆ ಮಂದೆ ತಿರುಗಿಸುತ್ತೇವೆ ಅನ್ನುತ್ತಾರೆ. ಫಿನಾಯಿಲ್ ಹಾಕಿದರೂ ತಟ್ಟೆಯಲ್ಲಿ ಭರ್ಜರಿ ಉಂಗುರ ಬರುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವುದು ದೊಡ್ಡ ಕಷ್ಟವಲ್ಲ. ರೋಗಿಯನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವುದು ಕಷ್ಟ.

ಹಾಗಾದರೆ ಅಜ್ಜಿ ಸುಳ್ಳಾ? ಅಲ್ಲ. ಅಜ್ಜಿ ಸೊಪ್ಪನ್ನು ಎಲ್ಲಿಗೆ ಹಾಕುತ್ತಿದ್ದಳು ಅಂತ ನೆನಪು ಮಾಡಿಕೊಳ್ಳಿ. ಗಾಯಕ್ಕೆ ಜಜ್ಜಿ ಮೆತ್ತುತ್ತಿದ್ದಳು. ಕಜ್ಜಿಗೆ ಬೇವಿನ ನೀರು ಹಾಕಿ ತೊಳೆಯುತ್ತಿದ್ದಳು. ಊಟ ಆದ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದಳು, ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದಳು. ಇಲ್ಲೆಲ್ಲ ಸೊಪ್ಪು ನೇರವಾಗಿ ಬ್ಯಾಕ್ಟೀರಿಯಾ ಇರುವ ಜಾಗಕ್ಕೇ ಬೀಳುತ್ತದೆ. ರಕ್ತಕ್ಕೆ ಸೇರಬೇಕಿಲ್ಲ, 40 ಲೀಟರಿನಲ್ಲಿ ಕರಗಬೇಕಿಲ್ಲ. ಚರ್ಮದ ಮೇಲೆ, ಬಾಯಿಯೊಳಗೆ ಮಿಲಿಲೀಟರಿಗೆ ಕೆಲವು ಮಿಲಿಗ್ರಾಂ ಅನ್ನುವುದು ಅಸಾಧ್ಯದ ಮಾತಲ್ಲ. ವೀಳ್ಯದೆಲೆಯಲ್ಲಿ ಹೈಡ್ರಾಕ್ಸಿಚಾವಿಕಾಲ್ ಇದೆ, ತುಳಸಿಯಲ್ಲಿ ಯೂಜಿನಾಲ್ ಇದೆ, ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಇವೆ. ಇವು ಬ್ಯಾಕ್ಟೀರಿಯಾದ ಪೊರೆಯನ್ನೇ ಸೋರುವಂತೆ ಮಾಡುವ ಅಂಶಗಳು. ಲವಂಗದಲ್ಲೂ ಇರುವ ಯೂಜಿನಾಲ್ ದಂತವೈದ್ಯರ ಕಪಾಟಿನಲ್ಲಿ ಇವತ್ತಿಗೂ ಇದೆ. ಆಸ್ಟ್ರೇಲಿಯಾದ ಟೀ ಟ್ರೀ ಎಣ್ಣೆ ಎಲೆಯಿಂದಲೇ ತೆಗೆದದ್ದು, ಮೊಡವೆಗೆ ಹಚ್ಚುತ್ತಾರೆ, ಕುಡಿದರೆ ವಿಷ. ಬಾಯಿ ಮತ್ತು ಚರ್ಮದಲ್ಲಿ ಎಲೆಗೆ ಜಾಗ ಇದೆ. ಎಲೆ ಅಡಿಕೆಯ ಅಡಿಕೆ, ಹೊಗೆಸೊಪ್ಪು ಬೇರೆ ವಿಷಯ, ಅವು ಬಾಯಿಗೆ ಏನು ಮಾಡುತ್ತವೆ ಅಂತ ನಮ್ಮ ಅಡಿಕೆ ಸೀಮೆಗೆ ಹೇಳಿಕೊಡಬೇಕಿಲ್ಲ.

ಗಾಯಕ್ಕೆ ಸಾಮಾನ್ಯವಾಗಿ ಬೀಳುವುದು ಸ್ಟ್ಯಾಫಿಲೊಕಾಕಸ್. ಅದಕ್ಕೆ ಹೊರಗಿನ ಎರಡನೇ ಪೊರೆ ಇಲ್ಲ, ಎಲೆಯ ಅಂಶ ಸಲೀಸಾಗಿ ಒಳಹೊಗುತ್ತದೆ. ಮೂತ್ರದ ಸೋಂಕಿನ ಇ. ಕೋಲೈ, ಸುಟ್ಟಗಾಯದ ಸ್ಯೂಡೊಮೊನಾಸ್‌ಗಳಿಗೆ ಆ ಪೊರೆ ಇದೆ, ಜೊತೆಗೆ ಒಳಬಂದದ್ದನ್ನು ಹೊರಗೆ ಎಸೆಯುವ ಪಂಪುಗಳೂ ಇವೆ. ಎಲೆಸಾರದ ಬಹುತೇಕ ವರದಿಗಳಲ್ಲಿ ಸ್ಟ್ಯಾಫ್‌ಗೆ ದೊಡ್ಡ ಉಂಗುರ, ಸ್ಯೂಡೊಮೊನಾಸ್‌ಗೆ ಸಣ್ಣದು ಬರುವುದು ಇದಕ್ಕೇ.

ಪಂಪಿನ ಮಾತು ಬಂತಲ್ಲ, ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಗ್ರಂಧಿಗೆ ಅಂಗಡಿಯಲ್ಲಿ ದಾರುಹರಿದ್ರ ಅಂತ ಕೇಳಿದರೆ ಕೊಡುವ ಹಳದಿ ಕಟ್ಟಿಗೆ ಬರ್ಬೆರಿಸ್ ಕುಲದ್ದು. ಅದರ ಹಳದಿ ಅಂಶ ಬರ್ಬೆರಿನ್. ಸ್ಟ್ಯಾಫಿಲೊಕಾಕಸ್ ಮೇಲೆ ಬರ್ಬೆರಿನ್ ಸೋಮಾರಿ, ಯಾಕೆಂದರೆ ನೋರ್‌ಎ ಅನ್ನುವ ಪಂಪು ಅದನ್ನು ಎತ್ತಿ ಆಚೆ ಹಾಕುತ್ತದೆ. 2000ದಲ್ಲಿ ಅಮೆರಿಕದ ಸಂಶೋಧಕರು ಅದೇ ಕುಲದ ಗಿಡಗಳಲ್ಲಿ ಇನ್ನೊಂದು ಅಂಶ ಕಂಡರು. ಆ ಅಂಶ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದೇ ಇಲ್ಲ. ಪಂಪನ್ನು ಮಾತ್ರ ಬಂದ್ ಮಾಡುತ್ತದೆ. ಪಂಪು ನಿಂತರೆ ಬರ್ಬೆರಿನ್ ಒಳಗೆ ತುಂಬಿಕೊಂಡು ಕೆಲಸ ಮಾಡುತ್ತದೆ. ಒಂದೇ ಗಿಡದೊಳಗೆ ಕಳ್ಳನೂ ಇದ್ದಾನೆ, ಕಾವಲುಗಾರನ ಕೈಕಟ್ಟುವವನೂ ಇದ್ದಾನೆ. ಈ ಎರಡನೆಯವನನ್ನು ಒಬ್ಬನನ್ನೇ ತಟ್ಟೆಯ ಕುಳಿಗೆ ಹಾಕಿದ್ದರೆ ಉಂಗುರ ಸೊನ್ನೆ. ನಮ್ಮ ಪ್ರಾಜೆಕ್ಟ್ ಪದ್ಧತಿಯಲ್ಲಿ ಅವನು ಮೊದಲ ದಿನವೇ ಫೇಲ್.

ಎಲೆಗಳಿಂದ ಏನಾದರೂ ದೊಡ್ಡದು ಸಿಗುವುದಾದರೆ ಅದು ಇಂಥ ಕಡೆ ಅಂತ ನನ್ನ ಅನಿಸಿಕೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ತಟ್ಟೆಗೆ ಹಾಕಿದಾಗ ಸಿಪ್ರೊ ಬಿಲ್ಲೆಯ ಸುತ್ತ ಏನೂ ಬಾರದೆ, ಎಲೆಯ ಸುತ್ತ 12 ಮಿಲಿಮೀಟರ್ ಬರುವುದುಂಟು. ಸುದ್ದಿಯವರಿಗೆ ಇದು ಎಲೆಯ ಗೆಲುವು. ನನಗೆ ಕಾಣುವುದು ಬೇರೆ. ಸಿಪ್ರೊ ಹೊಡೆಯುವ ಜಾಗವನ್ನು ಆ ಬ್ಯಾಕ್ಟೀರಿಯಾ ಬದಲಿಸಿಕೊಂಡಿದೆ, ಎಲೆ ಬೇರೆ ಜಾಗಕ್ಕೆ ಹೊಡೆಯುತ್ತಿದೆ. ಹಾಗಿದ್ದರೆ ಎರಡನ್ನೂ ಸೇರಿಸಿ ಕೊಟ್ಟರೆ ಹಳೇ ಔಷಧ ಮತ್ತೆ ಏಳುತ್ತದಾ? ಇದನ್ನು ಚದುರಂಗದ ಮನೆಗಳಂತೆ ಅಡ್ಡ ಉದ್ದ ಪ್ರಮಾಣ ಬದಲಿಸಿ ನೋಡುವ ಪರೀಕ್ಷೆ ಇದೆ. ಖರ್ಚು ಸ್ವಲ್ಪ ಜಾಸ್ತಿ, ತಾಳ್ಮೆ ಬಹಳ ಜಾಸ್ತಿ.

ಅಂದಹಾಗೆ, ಆಸ್ಪತ್ರೆಯ ಮುಖ್ಯ ಆಂಟಿಬಯಾಟಿಕ್‌ಗಳಲ್ಲಿ ಒಂದೂ ಗಿಡದಿಂದ ಬಂದದ್ದಲ್ಲ. ಪೆನ್ಸಿಲಿನ್ ಬೂಷ್ಟಿನಿಂದ, 1928ರಲ್ಲಿ ಫ್ಲೆಮಿಂಗ್ ಕಂಡದ್ದು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ. ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಮೂಲವೂ ಮಣ್ಣೇ. ಮೊದಲ ಮಳೆಗೆ ಎರೆಹೊಲದಿಂದ ಏಳುವ ಆ ವಾಸನೆ ಇದೆಯಲ್ಲ, ಅದನ್ನು ಹೊರಬಿಡುವ ಸ್ಟ್ರೆಪ್ಟೊಮೈಸಿಸ್ ವಂಶವೇ ಇವುಗಳಲ್ಲಿ ಎಷ್ಟನ್ನೋ ಕೊಟ್ಟಿದೆ. ಗಿಡ ಮಲೇರಿಯಾಕ್ಕೆ ಕ್ವಿನೈನ್ ಕೊಟ್ಟಿದೆ, ಆರ್ಟೆಮಿಸಿನಿನ್ ಕೊಟ್ಟಿದೆ. ಆರ್ಟೆಮಿಸಿನಿನ್‌ಗೆ ಚೀನಾದ ಟು ಯುಯು 2015ರಲ್ಲಿ ನೊಬೆಲ್ ಪಡೆದರು. ಅವರಿಗೆ ದಾರಿ ತೋರಿಸಿದ್ದು ಹಳೇ ವೈದ್ಯಗ್ರಂಥದ ಒಂದು ಸಾಲು. ಸೊಪ್ಪನ್ನು ಕುದಿಸು ಅಂತ ಅಲ್ಲಿರಲಿಲ್ಲ, ನೀರಿನಲ್ಲಿ ನೆನೆಸಿ ಹಿಂಡು ಅಂತ ಇತ್ತು. ಬಿಸಿಗೆ ಸತ್ವ ಕೆಡುತ್ತದೆ ಅಂತ ಅವರು ಅದರಿಂದ ಊಹಿಸಿ, ಕಡಿಮೆ ಶಾಖದಲ್ಲಿ ಈಥರ್ ಅನ್ನುವ ದ್ರಾವಕ ಬಳಸಿ ತೆಗೆದರು. ಹಳೆಯದನ್ನು ಓದಿದರು, ಆಮೇಲೆ ವರ್ಷಗಟ್ಟಲೆ ಅಳೆದರು.

ಇಷ್ಟು ಹೊತ್ತು ಎಲೆಯ ಪೊಗರು ಇಳಿಸಿದ್ದಾಯಿತು, ಮಾತ್ರೆಯ ಕಡೆಯೂ ನೋಡೋಣ. ಎಲೆಯ ಸುದ್ದಿಗೆ ಇಷ್ಟು ಕಿವಿ ಸಿಗುವುದು ಮಾತ್ರೆಗಳು ಸೋಲುತ್ತಿರುವುದರಿಂದ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣ ಅಂತ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂದಾಜು ಬಂತು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ಇ. ಕೋಲೈ ಮಾದರಿಗಳಲ್ಲಿ ಬಹುಪಾಲು ಸಿಪ್ರೊಗೆ ಬಗ್ಗುವುದಿಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಗಳು ವರ್ಷ ವರ್ಷ ಹೇಳುತ್ತಿವೆ. ನಮ್ಮ ಲ್ಯಾಬಿನ ಸಾಧು ತಳಿಯನ್ನು 0.015ರಲ್ಲಿ ಮುಗಿಸುವ ಅದೇ ಸಿಪ್ರೊ.

ಹೋದ ವರ್ಷ ನನಗೆ ನೆಗಡಿ, ಗಂಟಲು ಕೆರೆತ. ಜ್ವರದ ಮಾತ್ರೆ ತರೋಣ ಅಂತ ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನ ಹುಡುಗ ಕೇಳದೆಯೇ ಸಿಫಿಕ್ಸಿಮ್ ಅನ್ನುವ ಆಂಟಿಬಯಾಟಿಕ್‌ನ ಸ್ಟ್ರಿಪ್ ತೆಗೆದು, ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಇಟ್ಟ. "ಇದೊಂದು ಎರಡು ದಿನ ತಗೊಳ್ಳಿ ಸರ್, ಬೇಗ ಕಡಿಮೆ ಆಗುತ್ತೆ." ಚೀಟಿ ಇಲ್ಲ, ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ. ಸಿಫಿಕ್ಸಿಮ್ ಎಚ್1 ಪಟ್ಟಿಯ ಔಷಧ. 2014ರ ಮಾರ್ಚ್‌ನಿಂದ ಆ ಪಟ್ಟಿಯದನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ರೋಗಿಯ ಹೆಸರು, ಡಾಕ್ಟರ್ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನೆಗಡಿ ವೈರಸ್‌ನದು, ಸಿಫಿಕ್ಸಿಮ್ ಅದನ್ನು ಮುಟ್ಟುವುದೂ ಇಲ್ಲ. ನಾನು ಬೇಡ ಅಂದೆ. ಪಕ್ಕದಲ್ಲಿ ನಿಂತಿದ್ದವರು ಅದೇ ಮಾತ್ರೆ ಕೊಡಿ ಅಂತ ಕೇಳಿ ತೆಗೆದುಕೊಂಡು ಹೋದರು. ಹುಡುಗನೊಬ್ಬನನ್ನೇ ಬೈದು ಏನು ಮಾಡುವುದು. ಡಾಕ್ಟರ ಫೀಸು, ಅರ್ಧ ದಿನದ ಕೂಲಿ, ಬಸ್ ಚಾರ್ಜು ಎಲ್ಲ ಲೆಕ್ಕ ಹಾಕಿದರೆ ಕೌಂಟರೇ ಜನರಿಗೆ ಹತ್ತಿರ.

ಅರ್ಧ ಕೋರ್ಸು, ಕಡಿಮೆ ಪ್ರಮಾಣ ಏನು ಮಾಡುತ್ತದೆ ಅಂತ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಸಾಲದಷ್ಟು ಔಷಧಕ್ಕೆ ಒಡ್ಡಿದರೆ ಬ್ಯಾಕ್ಟೀರಿಯಾ ಗಟ್ಟಿಯಾಗಲು ಕಲಿಯುತ್ತದೆ ಅಂತ. ಎಲೆಯ ಕಷಾಯಕ್ಕೂ ಇದೇ ನಿಯಮ ಅನ್ವಯ ಆಗುವುದಿಲ್ಲ ಅಂತ ನಾವು ಯಾಕೆ ಅಂದುಕೊಳ್ಳುತ್ತೇವೆ? ಬ್ಯಾಕ್ಟೀರಿಯಾದ ಪಂಪಿಗೆ ಇದು ಗಿಡದ್ದು, ಇದು ಫ್ಯಾಕ್ಟರಿಯದು ಅನ್ನುವ ಭೇದ ಇಲ್ಲ.

ಎಲೆಯ ಸುದ್ದಿಯಿಂದ ಆಗುವ ಕೆಡುಕು ಕಷಾಯ ಕುಡಿದವರಿಗಿಂತ ಕಾದವರಿಗೆ ಜಾಸ್ತಿ. ನೆಗಡಿಗೆ ಕಷಾಯ ಕುಡಿದರೆ ನನ್ನ ತಕರಾರಿಲ್ಲ, ನಾನೂ ಕುಡಿಯುತ್ತೇನೆ, ಆಡುಸೋಗೆಯ ವ್ಯಾಸಿಸಿನ್ ಅನ್ನುವ ಅಂಶ ನೋಡಿಯೇ ಕೆಮ್ಮಿನ ಔಷಧ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು. ಆದರೆ ಮಗುವಿಗೆ ಉಸಿರು ಎಳೆಯುತ್ತಿದೆ, ಮೂತ್ರದ ಸೋಂಕಿಗೆ ಚಳಿಜ್ವರ ಬಂದಿದೆ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಕಪ್ಪಾಗುತ್ತಿದೆ, ಅಂಥ ಹೊತ್ತಿನಲ್ಲಿ 18 ಮಿಲಿಮೀಟರ್ ನಂಬಿಕೊಂಡು ಮೂರು ದಿನ ಕಾದರೆ ಆ ಮೂರು ದಿನ ವಾಪಸ್ ಬರುವುದಿಲ್ಲ.

ಹುಡುಗಿ ಟ್ಯೂಬುಗಳನ್ನು ಬಿಸಿ ಹಬೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿ ಬಂದು ಕೂತಳು. "ಹಾಗಾದ್ರೆ ನನ್ನ ಪ್ರಾಜೆಕ್ಟ್ ವೇಸ್ಟಾ ಸರ್?" ಅಂದಳು. ಇಲ್ಲ ಅಂದೆ. ಎಂಟು ಟ್ಯೂಬಿನ ಫಲಿತಾಂಶ ಬರೆದ ಹಾಳೆ ಇಡೀ ಬ್ಯಾಚಿನಲ್ಲಿ ಅವಳ ಹತ್ತಿರ ಮಾತ್ರ ಇತ್ತು. ಶೀರ್ಷಿಕೆಯಲ್ಲಿ ಇದ್ದ "ಆಂಟಿಬಯಾಟಿಕ್‌ಗಿಂತ ಉತ್ತಮ" ಅನ್ನುವ ಭಾಗವನ್ನು ಅವಳೇ ಹೊಡೆದುಹಾಕಿದಳು. ಸ್ಟ್ಯಾಫ್ ಮೇಲೂ ಟ್ಯೂಬ್ ಇಡುತ್ತೇನೆ, ಗಾಯದ ಮುಲಾಮಿಗೆ ಆಗುತ್ತದಾ ನೋಡುತ್ತೇನೆ ಅಂತ ಹೊಸ ಸೊಪ್ಪು ತರಲು ಊರಿಗೆ ಹೋದಳು.

ಆ ರಜದಲ್ಲಿ ಫ್ರಿಜ್ ಚೊಕ್ಕ ಮಾಡುವಾಗ ಅವಳ ಎರಡು ಸೀಸೆ ಸಿಕ್ಕವು. ಎಥನಾಲ್ ಸಾರದ್ದು ಹಾಗೇ ಇತ್ತು. ನೀರಿನಲ್ಲಿ ಮಾಡಿದ ಬೇವಿನ ಸಾರದ ಮೇಲೆ, ಅವಳು ದುಂಡಗಿನ ಅಕ್ಷರದಲ್ಲಿ ಹೆಸರು, ತಾರೀಖು ಬರೆದ ಚೀಟಿಯ ಒಳಬದಿಗೆ, ಬೆರಳಗಲದ ಬಿಳಿ ಬೂಷ್ಟು ಬೆಳೆದಿತ್ತು.